ಅಲುಗಾಡಬ್ಯಾಡ್ರಿ

ಹೊಸಪೇಟೆಯ ಆ ಫೋಟೋಗ್ರಾಫರ್ ನಾಯಿಗೂ ಮರ್ಯಾದೆ ಕೊಟ್ಟೇ ಹೇಳುತ್ತಿದ್ದರು: "ಅಲುಗಾಡಬ್ಯಾಡ್ರಿ."

ನಮ್ಮ ಮುದಿ ನಾಯಿ ಅನ್ನ ಬಿಟ್ಟಿತ್ತು. ಅದು ಸಾಯುವ ಮೊದಲೇ ಫೋಟೋ ತೆಗೆಸಿ, ಸಂಡೂರಿನ ಚಿತ್ರಗಾರನಿಂದ ಬಣ್ಣದಲ್ಲಿ ಬರೆಸಬೇಕೆಂದು ಅಪ್ಪನ ಹಟ. ಫೋಟೋ ಮೂಡಿಸುವ ಗಾಜಿನ ಪ್ಲೇಟು ಉಳಿದದ್ದು ಒಂದೇ, ಬಿಸಿಲು ಇಳಿಯುತ್ತಿತ್ತು. ಫೋಟೋಗ್ರಾಫರ್ ಕ್ಯಾಮೆರಾವನ್ನು ನಾಯಿಯ ಕಣ್ಣಿನ ಮಟ್ಟಕ್ಕಿಳಿಸಿ, ಅಂಗಳದಲ್ಲಿ ಬೋರಲು ಮಲಗಿ ಕರಿಬಟ್ಟೆಯೊಳಗೆ ತಲೆ ತೂರಿಸಿದರು.

"ಇವ್ರನ್ನ ಹೆಸರು ಹಿಡಿದು ಕರೀಬ್ಯಾಡ್ರಿ ಮತ್ತ," ಎಂದು ಅಪ್ಪನನ್ನು ಎಚ್ಚರಿಸಿ ಲೆನ್ಸಿನ ಮುಚ್ಚಳ ತೆಗೆದರು. ನಾವೆಲ್ಲ ಉಸಿರು ಬಿಗಿಹಿಡಿದೆವು. ಅಪ್ಪ ಕರೆಯಲಿಲ್ಲ, ಬಿಕ್ಕಿದರು. ಅಷ್ಟಕ್ಕೇ ನಾಯಿ ಬಾಲ ಆಡಿಸಿತು.

ಪಟದಲ್ಲಿ ಮುಖ ಸ್ಪಷ್ಟವಿತ್ತು, ಬಾಲ ಬರೀ ಹೊಗೆ.

"ಕೆಟ್ಟು ಹೋತೇನ್ರಿ?" ಎಂದರು ಅಪ್ಪ.

"ಇಲ್ರಿ, ಇವ್ರು ನಿಮ್ಮ ಗುರ್ತು ಹಿಡದಾರ."

ಚಿತ್ರಗಾರ ತನ್ನ ಬಣ್ಣದ ಚಿತ್ರದಲ್ಲಿ ಬಾಲವನ್ನು ತಿದ್ದಿ ಬರೆದ. ಊರಿಗೆಲ್ಲ ಅಲುಗಬೇಡಿ ಎಂದ ಆ ಫೋಟೋಗ್ರಾಫರ್ ಮಾತ್ರ ತಮ್ಮ ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದು ಅಲುಗಿದ ಆ ಪಟವೊಂದನ್ನೇ.