ಮೊರದಲ್ಲಿ ಉಳಿದಿದ್ದ ತೌಡು

ಆಗ ನಮ್ಮದು ಮದರಾಸು ಸರ್ಕಾರ. ಮಡಕಶಿರದ ಆಚೆಗಿನ ನಮ್ಮೂರಲ್ಲಿ ಮದರಾಸು ಕಂಡವರು ಯಾರೂ ಇರಲಿಲ್ಲ. ಬೇಸಿಗೆ ಬಂದರೆ ಅಮ್ಮ ಬರುತ್ತಾಳೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ತೆಲುಗಿನವರು ತಟ್ಟಮ್ಮ ಅನ್ನುತ್ತಿದ್ದರು. ಮೈತುಂಬ ಕೆಂಪು ಗುಳ್ಳೆ, ಸುಡುವ ಜ್ವರ.

ಆ ವರ್ಷ ನನ್ನ ಅಕ್ಕನಿಗೆ ಅಮ್ಮ ಬಂದಳು. ಮನೆಯಲ್ಲಿ ಒಗ್ಗರಣೆ ನಿಂತಿತು, ಒನಕೆಯ ಸದ್ದೂ ನಿಂತಿತು. ಮೂರು ಹೊತ್ತೂ ಸಪ್ಪೆ ಅಂಬಲಿ, ಎಲ್ಲೆಲ್ಲೂ ಬೇವಿನ ಕಹಿ ವಾಸನೆ. ಅವ್ವ ಬೇವಿನ ಕೊಂಬೆ ಆಡಿಸುತ್ತಾ ಅಕ್ಕನ ಪಕ್ಕ ಕೂತುಬಿಟ್ಟಳು. ಆರೈಕೆ ಮಾಡುವವರು ಮಲಗಬಾರದು ಅನ್ನುವುದು ನಮ್ಮ ಅಜ್ಜಿಯ ಕಟ್ಟಳೆ.

"ಮೈಯಿಂದ ತೌಡು ಉದುರೋ ಗಂಟ ಕೂತಿರ್ಬೇಕು ಕಣೆ. ಉದುರಿದ್ರೆ ಅಮ್ಮ ಹೊಂಟ್ಲು ಅಂತ."

ಗುಳ್ಳೆ ಬತ್ತಿದ ಮೇಲೆ ಚರ್ಮ ಸುಲಿದು, ನವಣೆ ತೌಡಿನಂತೆ ಉದುರಬೇಕು. ಗುಳ್ಳೆಯೇನೋ ಬತ್ತಿತು, ತೌಡು ಮಾತ್ರ ಉದುರಲೇ ಇಲ್ಲ. ಅವ್ವ ಕೂತಲ್ಲೇ ತೂಕಡಿಸಿ ಗೋಡೆಗೆ ತಲೆ ಬಡಿಸಿಕೊಳ್ಳುತ್ತಿದ್ದಳು. ಎದ್ದರೆ ಕಾಲು ತಡವರಿಸುತ್ತಿತ್ತು. ಎಲ್ಲಿ ಬಿದ್ದು ಹೋಗುತ್ತಾಳೋ ಅಂತ ನನಗೆ ಭಯ. ಅಕ್ಕನಿಗೆ ನನಗಿಂತ ಭಯ.

ಒಂದು ಬೆಳಿಗ್ಗೆ ಅವ್ವ ನೀರಿಗೆ ಹೋದಾಗ ಅಕ್ಕ ತೆವಳಿಕೊಂಡು ಮೂಲೆಯ ಮೊರದ ಹತ್ತಿರ ಹೋದಳು. ಹಿಂದೆ ಕೇರಿದಾಗ ಅದರಲ್ಲಿ ಉಳಿದಿದ್ದ ನವಣೆ ತೌಡನ್ನು ಹಿಡಿಯಲ್ಲಿ ತಂದು ಕಂಬಳಿಯ ಮೇಲೆ ಉದುರಿಸಿದಳು. ಸುಮ್ಮನಿರು ಅಂತ ನನಗೆ ಕಣ್ಣಲ್ಲೇ ಹೇಳಿದಳು.

"ಅವ್ವಾ, ಉದುರೈತೆ ನೋಡು. ಇನ್ ಮನಿಕ್ಕೋ."

ಅವ್ವ ಕಂಬಳಿ ಸವರಿದಳು. ಬೆರಳಲ್ಲಿ ಹೊಸಕಿ ಮೂಸಿದಳು. ಕೈಗೆ ಬಲ ಬಂದಾಗಿನಿಂದ ನವಣೆ ಕುಟ್ಟಿದವಳು ಅವಳು. ಮೂಲೆಯ ಮೊರ ನೋಡಿದಳು, ಅಕ್ಕನ ಮುಖ ನೋಡಿದಳು.

"ಹೂಂ ಕಣವ್ವ, ಉದುರೈತೆ," ಅಂತ ಅಜ್ಜಿಗೆ ಕೇಳುವಂತೆ ಹೇಳಿ, ಬರೀ ನೆಲದ ಮೇಲೆ ಅಕ್ಕನ ಪಕ್ಕ ಉರುಳಿಕೊಂಡಳು. ಸಂಜೆಯವರೆಗೂ ಏಳಲಿಲ್ಲ. ಅಕ್ಕ ಬೇವಿನ ಕೊಂಬೆ ಎತ್ತಿಕೊಂಡು ಅವ್ವನಿಗೆ ಗಾಳಿ ಹಾಕುತ್ತಾ ಕೂತಳು.

ನಿಜವಾದ ತೌಡು ಆಮೇಲೆ ತಾನಾಗಿಯೇ ಉದುರಿತು. ಅಕ್ಕ ಬದುಕಿಕೊಂಡಳು.

ಈಗ ಅವ್ವ ಇಲ್ಲ, ಅಕ್ಕನೂ ಇಲ್ಲ. ಹಾಸಿಗೆ ಹಿಡಿದ ನಮ್ಮ ಯಜಮಾನರ ಪಕ್ಕ ನಾನು ಕೂತಿದ್ದೇನೆ. ಅವರ ಒಣಗಿದ ಕಾಲಿಂದ ದಿನವೂ ತೌಡು ಉದುರುತ್ತದೆ, ಗುಡಿಸಿ ಹಾಕುತ್ತೇನೆ. ಅದು ಕಾಯಿಲೆ ಹೊರಟ ಗುರುತಲ್ಲ ಅಂತ ನನಗೆ ಗೊತ್ತು. ಸಾಕಾಗಿದೆ. ಯಾರಾದರೂ ಬಂದು, ಸುಳ್ಳಿಗಾದರೂ ಸರಿ, ಇನ್ ಮನಿಕ್ಕೋ ಅನ್ನಬಾರದೇ ಅನ್ನಿಸುತ್ತದೆ.