ಸೂಪರ್‌ಚಾರ್ಜರ್ ಹಾಕಿದ ಕಾರಿಗೆ ಕಿವಿ ಕೊಡುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಬಾನೆಟ್ ತೆರೆದು ನಿಂತ ಬೂದು ಬಣ್ಣದ ಕಾರಿನ ಮೇಲೆ ಕಿವಿ ಮೇಸ್ತ್ರಿ ಬಾಗಿದ್ದಾರೆ. ಒಂದು ತುದಿಯನ್ನು ಬಡಿದು ಚಪ್ಪಟೆ ಮಾಡಿದ ತಾಮ್ರದ ಕೊಳವೆಯನ್ನು ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಬಿಗಿಯುತ್ತಾರೆ. ಇನ್ನೊಂದು ತುದಿಗೆ ರಬ್ಬರ್ ಪೈಪು. ಅದು ಬಾನೆಟ್ಟಿನ ಸಂದಿಯಿಂದ ಹೊರಬಂದು, ಕಿಟಕಿಯಿಂದ ಒಳಗೆ ನುಗ್ಗಿ, ಕಿವಿಗೆ ಹಾಕಿಕೊಳ್ಳುವ ಹಳೆಯ ಮುಚ್ಚಳದ ಜೋಡಿಗೆ ಸೇರುತ್ತದೆ. ವೈದ್ಯರಿಗೆ ಸ್ಟೆತಸ್ಕೋಪ್ ಹೇಗೋ ಮೇಸ್ತ್ರಿಗೆ ಇದು ಹಾಗೆ.

ಬಿಗಿದ ಬೋಲ್ಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದಾರೆ. ಸ್ಟೇರಿಂಗ್ ಹಿಂದೆ ಕುಳಿತ ಹೆಂಡತಿಗೆ ಅದು ಕಾಣದೇ ಇಲ್ಲ. "ಸಾಕು ಬಿಡಿ ರೀ, ಇನ್ನು ತಿರುಗಿಸಿದ್ರೆ ಮುರಿಯುತ್ತೆ," ಎನ್ನುತ್ತಾರೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಡುತ್ತಾರೆ.

ಕಾರಿನ ಒಡೆಯರು ಮಕ್ಕಳಿಗೆ ಈಜು ಕಲಿಸುವ ಕೋಚ್. ಶೆಡ್ಡಿನ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಾರೆ. ನಾಳೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು, ಬೆಟ್ಟದ ರಸ್ತೆ ದಾಟಿ ಸ್ಪರ್ಧೆಗೆ ಹೋಗಬೇಕು. ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದು ಅದರ ಹಿಂದಿನ ಒಡೆಯ. ಇವರು ಕೊಂಡದ್ದು ಬಣ್ಣ ನೋಡಿ. ಮೇಸ್ತ್ರಿಯ ಬಾಯಿಂದ "ಸರಿ ಇದೆ" ಎಂದು ಬಂದರೆ ಸಾಕು, ಅವರು ನಿಶ್ಚಿಂತೆ. ಆ ಮಾತು ಹೇಳುವುದಕ್ಕೇ ಮೇಸ್ತ್ರಿಗೆ ಈಗ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತದೆ.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಬಲವಂತವಾಗಿ ಗಾಳಿ ತುಂಬುವ ಯಂತ್ರ. ಎಂಜಿನ್ನೇ ಒಂದು ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ, ಅದು ಗಾಳಿಯನ್ನು ಒತ್ತಿ ಮತ್ತೆ ಎಂಜಿನ್ನಿಗೇ ಕೊಡುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆಂದೇ ಕಟ್ಟಿದ ಕಾರುಗಳ ಮಾತು ಬೇರೆ. ಸಂಸಾರಸ್ಥರ ಕಾರಿಗೆ ಆಮೇಲೆ ತಂದು ಕೂರಿಸಿದರೆ ಕೋತಿಗೆ ಹೆಂಡ ಕುಡಿಸಿದ ಹಾಗೆ. ಮೊದಮೊದಲು ಕುಣಿತ ಚೆನ್ನಾಗಿಯೇ ಇರುತ್ತದೆ. ಆಮೇಲೆ ಬೆಲ್ಟು ಜಾರುತ್ತದೆ, ಒತ್ತಿದ ಗಾಳಿ ವಿಪರೀತ ಕಾಯುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಬೇಕು, ಹಳೆಯ ಪಂಪಿಗೆ ಅಷ್ಟು ತಾಕತ್ತಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವ್ರು ಕಾಲನ್ನೇ ಉದ್ದ ಮಾಡಿಸ್ಕೊಂಡು ಬಂದು ಹಾಸಿಗೆ ಚಿಕ್ಕದಾಯ್ತು ಅಂತಾರೆ," ಎಂದು ಮೇಸ್ತ್ರಿ ನಗುತ್ತಾರೆ.

ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಾಕಿಂಗ್. ಸಿಲಿಂಡರಿನೊಳಗೆ ಹದವಾಗಿ ಉರಿಯಬೇಕಾದ ಪೆಟ್ರೋಲು ತನ್ನಷ್ಟಕ್ಕೆ ಸಿಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲುಗಿಸಿದಂಥ ಸದ್ದು. ಅದನ್ನು ಹಿಡಿಯಲು ಕಾರಿನಲ್ಲೇ ಒಂದು ಸೆನ್ಸರ್ ಇದೆ. ಆದರೆ ಸೂಪರ್‌ಚಾರ್ಜರಿನ ಕಿರುಚಾಟಕ್ಕೆ ಅದು ಸುಮ್ಮಸುಮ್ಮನೆ ಗಾಬರಿ ಬೀಳುತ್ತದೆಂದು, ಕೂರಿಸಿದವರೇ ಅದರ ಬಾಯಿ ಮುಚ್ಚಿಸಿರುತ್ತಾರೆ. ಒಂದು ದಿನ ಏರಿನಲ್ಲಿ ಪಿಸ್ಟನ್ ಒಡೆದಾಗಲೇ ಒಡೆಯರಿಗೆ ಗೊತ್ತಾಗುವುದು. ಆ ದಿನ ಬಾರದಂತೆ ನೋಡಿಕೊಳ್ಳುವುದು ಈ ದಂಪತಿಯ ಕೆಲಸ. ಊರಿನ ಗ್ಯಾರೇಜುಗಳು ಅನುಮಾನ ಬಂದ ಗಾಡಿಗಳನ್ನು ಇಲ್ಲಿಗೆ ಕಳಿಸುತ್ತವೆ. ಬಿಲ್ಲಿನಲ್ಲಿ ಮಾತ್ರ ಇವರ ಸುದ್ದಿ ಇರುವುದಿಲ್ಲ.

ಮೇಸ್ತ್ರಿ ಮೊದಲು ಹಿಟ್ಟಿನ ಗಿರಣಿಯಲ್ಲಿದ್ದವರು. ಅಷ್ಟು ಗದ್ದಲದ ನಡುವೆಯೂ ಯಾವ ಬೇರಿಂಗು ಸವೆದಿದೆಯೆಂದು ಹೇಳುತ್ತಿದ್ದರಂತೆ. ಅಡ್ಡಹೆಸರು ಬಂದದ್ದು ಅಲ್ಲಿಂದ. ಹೆಂಡತಿ ಶಾಲೆಯ ಬಸ್ಸಿನ ಡ್ರೈವರ್. ಮಕ್ಕಳನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಮುಂಚೆ, ರಸ್ತೆ ಖಾಲಿ ಇರುವಾಗ, ಗಂಡನ ಗಿರಾಕಿಗಳ ಕಾರು ಓಡಿಸುತ್ತಾರೆ. ಕೇಳುವವರು ಸ್ಟೇರಿಂಗ್ ಹಿಡಿಯಬಾರದು ಎಂಬುದು ಇವರ ಪದ್ಧತಿ, ಗಮನ ಎರಡು ಕಡೆ ಹರಿದರೆ ಎರಡೂ ಕೆಡುತ್ತವೆ. ಏರುರಸ್ತೆಯಲ್ಲಿ ಆಕೆ ಪೂರ್ತಿ ಆಕ್ಸಿಲರೇಟರ್ ಒತ್ತುತ್ತಾರೆ, ಮೇಸ್ತ್ರಿ ಅಂಗೈ ಎತ್ತಿದ ಕ್ಷಣವೇ ಯಾಕೆ ಏನು ಎನ್ನದೆ ಕಾಲು ತೆಗೆಯುತ್ತಾರೆ. ಮನೆಯಲ್ಲಿ ಇದರ ಕಾಲುಭಾಗ ಮಾತು ಕೇಳಿದ್ದರೂ ನಾನು ಇಷ್ಟು ಬೇಗ ಮುದುಕನಾಗುತ್ತಿರಲಿಲ್ಲ ಎಂದು ಮೇಸ್ತ್ರಿ ದೂರುತ್ತಾರೆ. ಆಕೆ ಅದಕ್ಕೂ ಕಿವಿ ಕೊಡುವುದಿಲ್ಲ.

ಇಷ್ಟು ವರ್ಷ ಹೀಗೆ ನಡೆದುಕೊಂಡು ಬಂತು. ಕಳೆದ ತಿಂಗಳು ಔಷಧಿ ಅಂಗಡಿಯವರೊಬ್ಬರ ಕಾರು ಬಂದಿತ್ತು, ಇಂಥದ್ದೇ ಸೂಪರ್‌ಚಾರ್ಜರ್ ಹಾಕಿದ್ದು. ಏರಿನಲ್ಲಿ ಓಡಿಸಿದರು, ಮೇಸ್ತ್ರಿಯ ಕೈ ಮೇಲೇಳಲಿಲ್ಲ, "ಸರಿ ಇದೆ" ಎಂದು ಕಳಿಸಿದರು. ಅದೇ ವಾರ ಲಾರಿಯೊಂದನ್ನು ಹಿಂದಿಕ್ಕುವಾಗ ಪಿಸ್ಟನ್ ಒಡೆಯಿತು. ಗಾಡಿಗೆ ಜೀವವೇ ಇಲ್ಲದಂತಾಗಿ ರಸ್ತೆಯ ಪಕ್ಕಕ್ಕೆ ಇಳಿಯಿತು. ಪಕ್ಕದಲ್ಲಿ ಕುಳಿತಿದ್ದ ಅಂಗಡಿಯವರ ಭಾವಮೈದುನನ ಕಾಲು ಮುರಿಯಿತು. ಕಲಬೆರಕೆ ಪೆಟ್ರೋಲಿರಬೇಕು ಎಂದು ಮೇಸ್ತ್ರಿ ಹೇಳಿದರು, ಅವರೂ ನಂಬಿದರು. ಮೇಸ್ತ್ರಿ ಮಾತ್ರ ನಂಬಲಿಲ್ಲ. ಅಂದಿನಿಂದ ಶೆಡ್ಡಿನ ಮುಂದೆ ಯಾರು ಬಂದು ನಿಂತರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ.

ಇನ್ನೊಂದು ವಿಷಯವೂ ಇದೆ. ಮನೆಯಲ್ಲಿ ಮೊಮ್ಮಗಳ ಕೈಗಡಿಯಾರ ಅಲಾರಾಂ ಹೊಡೆದುಕೊಳ್ಳುತ್ತಿದ್ದರೂ ಪಕ್ಕದಲ್ಲೇ ಕುಳಿತ ಮೇಸ್ತ್ರಿ ತಿರುಗಿ ನೋಡಲಿಲ್ಲ. ಹೆಂಡತಿ ಅದನ್ನು ಕಂಡರು, ಆಕೆ ಕಂಡದ್ದನ್ನು ಮೇಸ್ತ್ರಿ ಕಂಡರು. ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದು ಹೆಂಡತಿ ಅಂದರೆ ಮೇಸ್ತ್ರಿಗೆ ದಿನವೂ ನಾಳೆಯೇ.

ಬೂದು ಕಾರು ಊರಾಚೆಯ ಏರಿಗೆ ಬರುತ್ತದೆ. ಎಂಜಿನ್ ಕಾದಿದೆ. ಹೆಂಡತಿ ಮೂರನೇ ಗೇರಿನಲ್ಲಿ ಕಾಲು ಒತ್ತುತ್ತಾರೆ, ಸೂಪರ್‌ಚಾರ್ಜರ್ ಕೀರಲು ದನಿ ತೆಗೆಯುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿದ್ದಾರೆ. ಎಡಗೈ ತೊಡೆಯ ಮೇಲಿದೆ. ಏರು ಮುಗಿಯುವವರೆಗೂ ಅದು ಅಲ್ಲೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಮೊದಲೆಲ್ಲ ಅವರ ಮುಖ ಅರಳುತ್ತಿತ್ತು. ಈಗ ಬೆವರುತ್ತದೆ. ಮತ್ತೊಮ್ಮೆ ಹೋಗೋಣ ಎನ್ನುತ್ತಾರೆ. ಮತ್ತೊಮ್ಮೆಯೂ ಏನಿಲ್ಲ. ಏನೂ ಇಲ್ಲವೋ, ಏನೂ ಕೇಳಿಸುತ್ತಿಲ್ಲವೋ? ಕೇಳಿದರೆ ಹೇಳುವವರು ಯಾರು?

ಹೆಂಡತಿ ಗಾಡಿಯನ್ನು ಬದಿಗೆ ನಿಲ್ಲಿಸುತ್ತಾರೆ. "ಇಳೀರಿ. ಅದನ್ನ ನಂಗೆ ಕೊಡಿ, ನೀವು ಓಡಿಸಿ."

ಮೇಸ್ತ್ರಿ ಹಾಗೇ ಕೂತಿರುತ್ತಾರೆ. ತಲೆಯಿಂದ ಅದನ್ನು ತೆಗೆಯಲು ಕೈಯೇ ಬಾರದು. "ನಿಂಗೆ ಆ ಸದ್ದು ಗೊತ್ತಾಗುತ್ತಾ?" ಎಂದು ಕೇಳುತ್ತಾರೆ.

"ನೀವು ಕೈ ಎತ್ತಿದಾಗ, ಸದ್ದು ಜೋರಾಗಿದ್ರೆ, ಆ ಪೈಪಿಲ್ದೇನೇ ನಾನೂ ಕೇಳಿಸ್ಕೊಂಡಿದ್ದೀನಿ. ಬಸ್ಸಲ್ಲಿ ಅಷ್ಟು ಮಕ್ಕಳ ಕಿರುಚಾಟದಲ್ಲಿ ಯಾರು ಅಳ್ತಿದ್ದಾರೆ ಅಂತ ಗೊತ್ತಾಗುತ್ತೆ ನಂಗೆ. ಇದು ಗೊತ್ತಾಗಲ್ವಾ?"

ಮೇಸ್ತ್ರಿ ಒಳ್ಳೆಯ ಡ್ರೈವರ್ ಅಲ್ಲ. ಕ್ಲಚ್ ಬಿಡುವಾಗ ಗಾಡಿ ಮುಗ್ಗರಿಸುತ್ತದೆ. ಇದಕ್ಕಿಂತ ಎತ್ತಿನ ಗಾಡಿ ವಾಸಿ ಎಂದು ಹೆಂಡತಿ ಗೊಣಗಿ, ಪೈಪಿನ ಆ ಮುಚ್ಚಳಗಳನ್ನು ಕಿವಿಗೆ ಹಾಕಿಕೊಳ್ಳುತ್ತಾರೆ. ಏರು ಶುರುವಾಗುತ್ತದೆ. ಮೇಸ್ತ್ರಿ ಕಾಲು ಒತ್ತುತ್ತಾರೆ. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಹೆಂಡತಿಯ ಕೈಯ ಮೇಲೆ. ಆ ಕೈ ಏಳದಿರಲಿ ಎಂದು ಅವರು ಬೇಡಿಕೊಳ್ಳುತ್ತಿದ್ದಾರೆ. ಮಕ್ಕಳಿಗಾಗಿಯೋ ತಮಗಾಗಿಯೋ, ಅವರಿಗೇ ಗೊತ್ತಿಲ್ಲ.

ಅರ್ಧ ಏರಿನಲ್ಲಿ ಕೈ ಏಳುತ್ತದೆ.

ಶೆಡ್ಡಿಗೆ ಮರಳಿ ಎಂಜಿನ್ ತಣಿಯಲು ಬಿಟ್ಟು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚುತ್ತಾರೆ. ಒಂದರ ಬಿಳಿ ಪಿಂಗಾಣಿಯ ಮೇಲೆ ಬೂದಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಪಿಸ್ಟನ್ನಿನ ಲೋಹ ಕರಗಿ ಅಲ್ಲಿ ಅಂಟಿದೆ. ಇನ್ನೆರಡು ಬೆಟ್ಟ ಹತ್ತಿದ್ದರೆ ತೂತು ಬೀಳುತ್ತಿತ್ತು. ಮೇಸ್ತ್ರಿ ಪ್ಲಗ್ಗನ್ನು ಬಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡುತ್ತಾರೆ. ಗಾಡಿ ಉಳಿಯಿತೆಂಬ ಸಮಾಧಾನ ಅವರ ಮುಖದಲ್ಲಿಲ್ಲ.

ಕೋಚ್‌ಗೆ ಸಿಟ್ಟು ಬರುತ್ತದೆ. ಮೊದಲ ಎರಡು ಸಲ ಏರು ಹತ್ತಿದಾಗ ಏನೂ ಇರಲಿಲ್ಲವೆಂದು ನೀವೇ ಹೇಳುತ್ತೀರಲ್ಲ ಎಂದು ವಾದಿಸುತ್ತಾರೆ. ತಪ್ಪನ್ನು ಪೆಟ್ರೋಲಿನ ಮೇಲೆ ಹಾಕಬಹುದು, ಸೂಪರ್‌ಚಾರ್ಜರ್ ಕೂರಿಸಿದವರ ಮೇಲೆ ಹಾಕಬಹುದು, ದಾರಿಗಳು ಬೇಕಾದಷ್ಟಿವೆ. ಮೇಸ್ತ್ರಿ ಹೆಂಡತಿಯ ಕಡೆ ಒಮ್ಮೆ ನೋಡುತ್ತಾರೆ.

"ಇತ್ತು. ನಂಗೆ ಕೇಳಿಸ್ಲಿಲ್ಲ. ನಂಗೆ ಕೇಳಿಸದೇ ಇದ್ದಿದ್ದನ್ನ ಇಲ್ಲ ಅಂದ್ಕೊಂಡ್ಬಿಟ್ಟೆ. ಮಕ್ಕಳನ್ನ ಬೇರೆ ಗಾಡೀಲಿ ಕರ್ಕೊಂಡು ಹೋಗಿ."

ಕೋಚ್ ಫೋನು ತೆಗೆದು ಬಾಡಿಗೆ ವ್ಯಾನು ವಿಚಾರಿಸುತ್ತಾ ರಸ್ತೆಗೆ ಇಳಿಯುತ್ತಾರೆ. ಹೆಂಡತಿಗೆ ಬಸ್ಸಿನ ಹೊತ್ತಾಗಿದೆ, ಆದರೂ ಹೋಗದೆ ಬಾಗಿಲಲ್ಲೇ ನಿಂತಿದ್ದಾರೆ. ಮೇಸ್ತ್ರಿ ಕೈ ಒರೆಸಿಕೊಂಡು ಔಷಧಿ ಅಂಗಡಿಯವರಿಗೆ ಫೋನು ಮಾಡುತ್ತಾರೆ. ಭಾವಮೈದುನನ ಕಾಲು ಹೇಗಿದೆಯೆಂದು ಕೇಳುತ್ತಾರೆ. ಆಮೇಲೆ ತಪ್ಪು ಪೆಟ್ರೋಲಿನದಲ್ಲ, ನನ್ನದು ಎನ್ನುತ್ತಾರೆ. ಆ ಕಡೆಯಿಂದ ಬಂದ ಮಾತು ಹೊರಗೆ ಕೇಳಿಸುವುದಿಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಗಿರಾಕಿಗಳು ತಪ್ಪಿಹೋದಾರೆಂದು, ವರದಿ ಬರೆಯಲು ಬಂದ ನಾನು ಎಚ್ಚರಿಸಿದರೆ, ಬರೆಯಲೇಬೇಕು ಎಂದು ಮೇಸ್ತ್ರಿ ಹಟ ಹಿಡಿಯುತ್ತಾರೆ.

"ಹೊಗಳೋದೇನೂ ಬೇಡ. ನಾನು ಸರಿ ಇದೆ ಅಂತ ಹೇಳಿ ಕಳ್ಸಿದ ಗಾಡಿ ಯಾರ್ಯಾರ ಹತ್ರ ಇದೆಯೋ, ಅವ್ರು ಜೋರಾಗಿ ಓಡಿಸ್ದೆ ಒಂದ್ಸಲ ಇಲ್ಲಿಗೆ ಬರ್ಲಿ ಅಂತ ಬರೀರಿ. ಈ ಸಲ ನಮ್ಮನೆಯವಳು ಕೇಳ್ತಾಳೆ."