ತಲೆ ಎತ್ತದ ಮೇಲಿನ ಮನೆಯವಳು

ಹಳೆಯ ಕೋಟುಗಳನ್ನು ದಾನದ ಪೆಟ್ಟಿಗೆಗೆ ಹಾಕುವ ಮೊದಲು ಜೇಬು ನೋಡುವುದು ನನ್ನ ಅಭ್ಯಾಸ. ಮೊನ್ನೆ ಬೂದು ಬಣ್ಣದ ಮಳೆಕೋಟಿನ ಒಳಜೇಬಿಗೆ ಕೈ ಹಾಕಿದಾಗ ಮೆತ್ತಗೆ ಏನೋ ತಾಗಿತು. ಕಿತ್ತಳೆ ಬಣ್ಣದ ಎರಡು ಸ್ಪಂಜಿನ ತುಂಡುಗಳು, ಜೋರು ಸದ್ದಿರುವ ಕಡೆ ಕಿವಿಗೆ ತುರುಕಿಕೊಳ್ಳುವಂಥವು. ಒಂದು ಉರುಟಾಗಿಯೇ ಇತ್ತು. ಇನ್ನೊಂದು ಯಾರೋ ಈಗಷ್ಟೇ ಹಿಸುಕಿಟ್ಟ ಹಾಗೆ ಚಪ್ಪಟೆಯಾಗಿತ್ತು… ಅದನ್ನು ಬೆರಳುಗಳ ನಡುವೆ ಹಿಡಿದು ಮಂಚದ ಅಂಚಿನಲ್ಲಿ ಕೂತೆ. ಮೊದಲು ಬಂದದ್ದು ಸಿಟ್ಟು. ನೆನಪು ಅದರ ಹಿಂದೆ ಬಂತು. ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.

ಆಗ ನಾವು ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಬೆಲ್ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೇಲಿನ ಮನೆಗೆ ಹೊಸಬರು ಬಂದ ವಾರದಿಂದ ಅಡಿಗೆಮನೆಯ ಚಾವಣಿಯಲ್ಲಿ ಸದ್ದು ಶುರುವಾಯಿತು. ಟಕ್, ಟಕ್, ಟಕ್, ಟಕ್. ಎರಡು ವರ್ಷದ ನನ್ನ ಮಗಳು ಮಧ್ಯಾಹ್ನ ಮಲಗುವ ಹೊತ್ತಿಗೆ ಸರಿಯಾಗಿ. ನಾಲ್ಕು ದಿನ ಸಹಿಸಿದೆ. ಐದನೆಯ ದಿನ ಡಬ್ಬಿಯಲ್ಲಿ ನೀರುದೋಸೆ ಹಾಕಿಕೊಂಡು ಮೇಲೆ ಹೋದೆ. ದೂರು ಹೇಳಲು ಹೋಗುವಾಗಲೂ ತಿಂಡಿ ಒಯ್ಯುವವಳು ನಾನು.

ಬಾಗಿಲು ತೆಗೆದವಳಿಗೆ ಇಪ್ಪತ್ತೆಂಟು ಇರಬಹುದು. ಕುತ್ತಿಗೆಯಲ್ಲಿ ದೊಡ್ಡ ಹೆಡ್‌ಫೋನ್. ಅದರ ಕಪ್ಪು ತೊಗಲು ಸುಲಿದು ಕಿವಿಯ ಹಿಂದೆ ಚೂರುಗಳು ಅಂಟಿಕೊಂಡಿದ್ದವು. ಹಿಂದೆ ಊಟದ ಮೇಜಿನ ಮೇಲೆ ಎರಡು ಅಗಲವಾದ ಚಕ್ರಗಳಿದ್ದ ಡೀಜೆ ಕನ್ಸೋಲ್. ನಾನು ಕಿವಿಗೊಟ್ಟೆ. ಕೋಣೆಯಲ್ಲಿ ಸಂಗೀತವೇ ಇರಲಿಲ್ಲ.

“ಅಯ್ಯೋ ಸಾರಿ ಅಕ್ಕ,” ಎಂದಳು. “ಹೆಡ್‌ಫೋನ್ ಹಾಕ್ಕೊಂಡ್ರೆ ಯಾರಿಗೂ ಡಿಸ್ಟರ್ಬ್ ಆಗಲ್ಲ ಅನ್ಕೊಂಡಿದ್ದೆ. ಈ ಕಾಲೊಂದಿದೆ ಅಂತ ಮರ್ತೇ ಹೋಗಿತ್ತು.”

ತಾಳಕ್ಕೆ ನೆಲ ಕುಟ್ಟುವ ಅವಳ ಬಲಗಾಲಿನ ಹಿಮ್ಮಡಿ. ನಾಲ್ಕು ದಿನ ನಾನು ಕೇಳಿದ್ದು ಅಷ್ಟನ್ನೇ. ಮರುದಿನದಿಂದ ಅವಳು ಕಾಲಡಿಗೆ ಕಂಬಳಿ ಮಡಚಿ ಹಾಕಿಕೊಂಡಳು. ಸದ್ದು ಮೆತ್ತಗಾಯಿತು, ನಿಲ್ಲಲಿಲ್ಲ. ಕೆಳಗೆ ನನ್ನ ಲಟ್ಟಣಿಗೆ ನನಗೆ ಗೊತ್ತಾಗದೆ ಅದರ ಜೊತೆ ಹೋಗತೊಡಗಿತ್ತು.

ಬೆಂಗಳೂರಿನ ಕ್ಲಬ್ಬುಗಳಲ್ಲಿ ಅವಳು ಐದು ವರ್ಷ ಡೀಜೆಯಾಗಿದ್ದಳಂತೆ. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳು, ನನ್ನ ಹಾಗೆಯೇ. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಹಾಗಾಗಿ ದಿನವೂ ಮೂರು ಗಂಟೆ ಊಟದ ಮೇಜಿನ ಮುಂದೆ ನಿಂತು ಯಾರೂ ಇಲ್ಲದ ಕೋಣೆಗೆ ಹಾಡು ಜೋಡಿಸುತ್ತಿದ್ದಳು. ಗೋಡೆಗೆ ಒರಗಿಸಿಟ್ಟ ಸೂಟ್‌ಕೇಸುಗಳೇ ಅವಳ ಜನ.

ಆ ವರ್ಷದ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡ ಸಂಘದವರು ಅವಳನ್ನು ಕರೆದರು. ಪುಕ್ಕಟೆ ತಾನೇ. ಪಕ್ಕದ ಊರಿನ ಎಜುಕೇಶನ್ ಹಿಲ್ ಬಡಾವಣೆಯ ಒಂದು ಸಭಾಂಗಣ, ನವೆಂಬರಿನ ಮಧ್ಯಾಹ್ನ, ಮಕ್ಕಳ ಕೋಲಾಟವೆಲ್ಲ ಮುಗಿದ ಮೇಲೆ ಒಂದು ಗಂಟೆ ಕುಣಿತ. ನಾನು ಅವಳ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವಳು ನಗಲಿಲ್ಲ, ಕೈ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ತಲೆ ತಗ್ಗಿಸಿಕೊಂಡೇ ಇದ್ದಳು. ಆದರೆ ಕಣ್ಣು ಕನ್ಸೋಲ್ ಮೇಲೆ ಇರಲಿಲ್ಲ. ಹುಬ್ಬಿನ ಕೆಳಗಿನಿಂದ ಹೊರಗೆ ಹೋಗಿ ಬರುತ್ತಿತ್ತು.

“ಅಕ್ಕ, ಆ ಕೊನೇ ಸಾಲಲ್ಲಿ ಹಸಿರು ಸ್ವೆಟರ್ ಅಜ್ಜಿ ನೋಡಿ,” ಎಂದಳು ಮೆಲ್ಲಗೆ. “ಕೈ ನೋಡಿ.”

ಯಾರದೋ ಅತ್ತೆ ಇರಬೇಕು, ಊರಿಂದ ಬಂದವರು. ಗಂಟುಮೋರೆ ಹಾಕಿಕೊಂಡು ಕೂತಿದ್ದರು. ಆದರೆ ಪರ್ಸಿನ ಮೇಲಿದ್ದ ಎರಡು ಬೆರಳು ತಾಳ ಹಾಕುತ್ತಿದ್ದವು. ಅಷ್ಟು ದೂರದಿಂದ ಅವಳು ಅದನ್ನು ಕಂಡಿದ್ದಳು. ಮುಂದಿನ ಮೂರು ಹಾಡುಗಳಲ್ಲಿ ಏನು ಮಾಡಿದಳೋ ನನಗೆ ತಿಳಿಯದು. ಹಾಡಿನ ಓಟ ಸ್ವಲ್ಪ ಸ್ವಲ್ಪವೇ ಇಳಿಯಿತು, ಯಾರಿಗೂ ಇಳಿದದ್ದು ಗೊತ್ತಾಗದ ಹಾಗೆ. ಮೂರನೆಯ ಹಾಡಿನ ನಡುವೆ ಆ ಅಜ್ಜಿ ಪರ್ಸನ್ನು ಕುರ್ಚಿಯ ಮೇಲಿಟ್ಟು ಎದ್ದು ಬಂದರು. ಸೊಸೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ನನಗೆ ಆಗ ನೆನಪಾದದ್ದು ನಮ್ಮ ಕಾನ್ವೆಂಟಿನ ಆರ್ಗನ್. ಅದನ್ನು ನುಡಿಸುತ್ತಿದ್ದ ಸಿಸ್ಟರ್ ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ಆರ್ಗನ್ನಿನ ಮೇಲೆ ಅಂಗೈಯಗಲದ ದುಂಡು ಕನ್ನಡಿಯೊಂದಿತ್ತು. ಅದರಲ್ಲಿ ಹಾಡುವ ಅರವತ್ತು ಹುಡುಗಿಯರನ್ನೂ ನೋಡುತ್ತಿದ್ದರು. ಯಾರಿಗಾದರೂ ಉಸಿರು ಸಾಲದಿದ್ದರೆ ಹಾಡಿನ ಆ ಸಾಲಿನ ಕೊನೆಗೆ ಅವರ ಬೆರಳುಗಳು ಒಂದಿಷ್ಟು ತಡೆದು ಕಾಯುತ್ತಿದ್ದವು… ಒಂದು ದಿನವೂ ಅವರು ತಿರುಗಿ ನಮಗೆ ನಕ್ಕದ್ದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಅದನ್ನು ಇಲ್ಲಿ ಬರೆದಿಡಬೇಕು.

ಊಟದ ಸಾಲಿನಲ್ಲಿ ಸಂಘದ ಕಾರ್ಯದರ್ಶಿ ನನ್ನ ಮುಂದೆ ನಿಂತಿದ್ದರು. “ತಲೇನೇ ಎತ್ತಲ್ವಲ್ಲಪ್ಪ ಆ ಯಮ್ಮ. ಎಕ್ಸಾಮ್ ಬರೀತಿದ್ಳಾ ಅಂತ,” ಎಂದರು. ಅವರ ಮುಂದಿದ್ದವರು, “ಇಷ್ಟಕ್ಕೆ ನನ್ನ ಫೋನೇ ಸಾಕಾಗ್ತಿತ್ತು ಗುರು. ಒಂದು ಸ್ಮೈಲ್ ಆದ್ರೂ ಬೇಡ್ವಾ? ಕೆಳಗೆ ಬಂದು ನಮ್ ಜೊತೆ ಒಂದೆರಡು ಸ್ಟೆಪ್ ಹಾಕಿದ್ರೆ ಗಂಟೇನು ಹೋಗ್ತಿತ್ತು?” ಎಂದರು. ಕಾರ್ಯದರ್ಶಿ ತಿರುಗಿ, “ನಿಮ್ ಫ್ರೆಂಡ್ ಅಲ್ವಾ ಮೇಡಂ? ಸ್ವಲ್ಪ ಟ್ರೇನಿಂಗ್ ಕೊಡಿ,” ಎಂದು ನಕ್ಕರು.

ನಾನೂ ನಕ್ಕೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು, ಹಲ್ಲು ಕಾಣುವ ಹಾಗೆ ನಕ್ಕೆ. ಒಂದು ಗಂಟೆ ಬೆವರು ಬರುವಷ್ಟು ಕುಣಿದಿದ್ದ ಮಂದಿ ಇವರು. ಯಾರು ಕುಣಿಸಿದರು ಎಂದುಕೊಂಡಿದ್ದರೋ. ಮುಂದಿನ ಸಲ ಅವರು ಬೇರೆ ಡೀಜೆಯನ್ನು ತಂದರು. ಅವನು ಪ್ರತಿ ಹಾಡಿನ ನಡುವೆ “ಬೆಲ್ವ್ಯೂ, ಕೇಳಿಸ್ತಾ ಇಲ್ಲ” ಎಂದು ಮೈಕಿನಲ್ಲಿ ಅರಚಿದ. ಹಸಿರು ಸ್ವೆಟರಿನವರ ಹಾಗಿದ್ದ ನಾಲ್ಕೈದು ಹಿರಿಯರು ಕಿವಿ ಮುಚ್ಚಿಕೊಂಡು ಹೊರಗೆ ಕಾರಿಡಾರಿನಲ್ಲಿ ಕೂತರು. ಎಲ್ಲರೂ ಹೊಗಳಿದ್ದು ಅವನನ್ನು: ಜನರ ಜೊತೆ ಎಷ್ಟು ಚೆನ್ನಾಗಿ ಬೆರೆತ ಎಂದು.

ಮರುವರ್ಷ ನಮ್ಮಂಥವರಲ್ಲಿ ಕೆಲವರಿಗೆ ದುಡಿಯಲು ಅನುಮತಿ ಕೊಡುವ ಕಾರ್ಡ್ ಸಿಗುವಂತಾಯಿತು. ಅವಳಿಗೂ ಬಂತು. ಕಾರ್ಡನ್ನು ಹಿಡಿದುಕೊಂಡು ಬರಿಗಾಲಲ್ಲಿ ಕೆಳಗೆ ಓಡಿಬಂದಿದ್ದಳು. ಎರಡೇ ತಿಂಗಳಲ್ಲಿ ಸಿಯಾಟಲ್‌ನ ಒಂದು ಚಿಕ್ಕ ಕ್ಲಬ್ಬಿನಲ್ಲಿ ಜಾಗ ಹುಡುಕಿಕೊಂಡಳು. ಭಾನುವಾರ ಸಂಜೆ ಐದರಿಂದ ಎಂಟು. ನಾಲ್ಕು ವಾರ ನೋಡುತ್ತೇವೆ, ಹಿಡಿಸಿದರೆ ಆ ಭಾನುವಾರಗಳು ನಿನ್ನವು ಎಂದು ಮ್ಯಾನೇಜರ್ ಹೇಳಿದ್ದ. “ನನ್ದು ಅಂತ ಒಂದು ಸಂಜೆ ಅಕ್ಕ,” ಎಂದಿದ್ದಳು. ಈ ದೇಶದಲ್ಲಿ ಅವಳದು ಎಂದು ಬೇರೆ ಏನೂ ಇರಲಿಲ್ಲ.

ಎರಡನೆಯ ಭಾನುವಾರ ಕಳೆದ ಮರುದಿನ ನಮ್ಮ ಅಡಿಗೆಮನೆಗೆ ಬಂದು ಕೂತಳು. ಮ್ಯಾನೇಜರ್ ಹೇಳಿದನಂತೆ, ಸಂಗೀತ ಚೆನ್ನಾಗಿದೆ, ಜನ ನಿಲ್ಲುತ್ತಾರೆ, ಆದರೆ ನೀನು ಎಲ್ಲೋ ಇರುತ್ತೀ. ನಗು, ಕೈ ಎತ್ತು, ಮಾತಾಡು. ಜನರಿಗೆ ನೀನು ಸಿಗಬೇಕು.

“ಸಿಗಬೇಕು ಅಂದ್ರೆ ಏನಕ್ಕ? ಮೂರು ಗಂಟೆ ಕಣ್ಣು ಕೀಳದೆ ಅವ್ರನ್ನೇ ನೋಡ್ತಾ ಇರ್ತೀನಲ್ಲ.”

“ಮೈಕ್ ಹಿಡಿದರೆ ಏನಾಗ್ತದೆ?” ಎಂದೆ.

“ನಾನು ಮಾತಾಡ್ತಾ ಇದ್ರೆ ನೋಡೋರ್ಯಾರು?”

ಆಗ ನಾನು ಸುಮ್ಮನಿರಬಹುದಿತ್ತು. ಆ ದುಂಡು ಕನ್ನಡಿಯ ಕತೆ ಹೇಳಬಹುದಿತ್ತು. ಆದರೆ ಅದೇ ಕಾನ್ವೆಂಟಿನಲ್ಲಿ ಅತಿಥಿಗಳು ಬಂದಾಗ ಬಾಗಿಲಲ್ಲಿ ನಿಲ್ಲಿಸಿ, “ಸ್ಮೈಲ್, ಗರ್ಲ್ಸ್” ಎಂದು ಗಲ್ಲ ತಟ್ಟುತ್ತಿದ್ದ ಇನ್ನೊಬ್ಬ ಸಿಸ್ಟರೂ ಇದ್ದರಲ್ಲ. ನನ್ನ ಬಾಯಿಂದ ಬಂದದ್ದು ಅವರ ಮಾತು. “ಒಂಚೂರು ನಗು ಮಾರಾಯ್ತಿ. ನಕ್ಕರೆ ನಿನ್ನದು ಎಂಥ ಹೋಗ್ತದೆ? ಕೆಲಸ ಸಿಗುವವರೆಗೆ. ಆಮೇಲೆ ನಿನ್ನ ಇಷ್ಟ.”

“ನೀವೂ ಹಂಗೇ ಅಂತೀರಾ,” ಎಂದಳು. ಪ್ರಶ್ನೆಯಾಗಿರಲಿಲ್ಲ ಅದು.

ಮೂರನೆಯ ಭಾನುವಾರ ನಾನೂ ಹೋದೆ. ಮಗಳನ್ನು ಮನೆಯವರ ಬಳಿ ಬಿಟ್ಟು, ಈ ಬೂದು ಮಳೆಕೋಟು ಹಾಕಿಕೊಂಡು, ಸರೋವರದ ಮೇಲಿನ 520ನೇ ಹೆದ್ದಾರಿಯ ಸೇತುವೆ ದಾಟುವ ಬಸ್ಸಿನಲ್ಲಿ ಅವಳ ಪಕ್ಕ ಕೂತು. ಬಾಗಿಲಲ್ಲಿ ಅವಳು ಈ ಕಿತ್ತಳೆ ತುಂಡುಗಳನ್ನು ಕೊಟ್ಟಳು. ಹೀಗೆ ಹಿಸುಕಿ, ಹೀಗೆ ಇಡಬೇಕು ಎಂದು ಒಂದನ್ನು ತಾನೇ ಹಿಸುಕಿ ನನ್ನ ಕಿವಿಗಿಟ್ಟಳು. “ನೀವು ಕಿವಿ ಹಾಳ್ ಮಾಡ್ಕೋಬೇಡಿ.”

ಮೊದಲ ಒಂದು ಗಂಟೆ ಚೆನ್ನಾಗಿತ್ತು. ಆಮೇಲೆ ಅವಳು ತಲೆ ಎತ್ತಿದಳು. ನಕ್ಕಳು. ಕೈ ಮೇಲೆತ್ತಿ ಮೈಕಿನಲ್ಲಿ, ಹೇಗಿದ್ದೀರಿ ಸಿಯಾಟಲ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅದು ಅವಳ ದನಿಯೇ ಅಲ್ಲ. ಜನ ಹೋ ಎಂದರು. ಮ್ಯಾನೇಜರ್ ಬಾರ್‌ನಿಂದ ಹೆಬ್ಬೆರಳು ಎತ್ತಿ ತೋರಿಸಿದ. ನನಗೂ ಹೆಮ್ಮೆಯೆನಿಸಿತು, ನನ್ನ ಸಲಹೆ ಫಲಿಸಿತೆಂದು…

ಐದು ನಿಮಿಷ ಆಗಿರಲಿಲ್ಲ. ಒಬ್ಬಳು ಬೆನ್ನು ತಿರುಗಿಸಿ ನಿಂತು ಅವಳ ಜೊತೆ ಸೆಲ್ಫಿ ತೆಗೆದಳು. ಇನ್ನೊಬ್ಬ ಕನ್ಸೋಲ್ ಮೇಲೆ ಮೊಣಕೈ ಊರಿ ತನ್ನ ಫೋನಿನಲ್ಲಿದ್ದ ಹಾಡು ತೋರಿಸಿದ. ಅವಳು ನಗುತ್ತಲೇ ಬೇಡ ಎಂದು ತಲೆಯಾಡಿಸಿದಳು. ಅವನು ನಗುವನ್ನು ಮಾತ್ರ ನೋಡಿದ. ಕೆಳಗೆ ಬಾ, ನಮ್ಮ ಜೊತೆ ಕುಣಿ ಎಂದು ಅವಳ ಮಣಿಕಟ್ಟು ಹಿಡಿದು ಎಳೆದ. ಅವಳು ಒಂದು ಹಾಡನ್ನು ಇನ್ನೊಂದರೊಳಗೆ ಇಳಿಸುತ್ತಿದ್ದ ಕೈ ಅದು. ಒಂದೇ ಬೀದಿಯಲ್ಲಿ ಎರಡು ದಿಬ್ಬಣದ ಬ್ಯಾಂಡುಗಳು ಎದುರಾದ ಹಾಗೆ ಎರಡು ಹಾಡುಗಳು ಡಿಕ್ಕಿ ಹೊಡೆದವು. ಕುಣಿಯುತ್ತಿದ್ದವರೆಲ್ಲ ನಿಂತು ತಿರುಗಿ ನೋಡಿದರು.

ಮ್ಯಾನೇಜರ್ ಓಡಿಬಂದ. ಆ ಮನುಷ್ಯನ ಭುಜ ತಟ್ಟಿ ತಮಾಷೆಯಾಗಿ ಏನೋ ಹೇಳಿ ಆಚೆ ಕರೆದೊಯ್ದ. ಹೋಗುವಾಗ ಅವಳಿಗೆ ಬೆರಳಿನಿಂದ ತನ್ನ ತುಟಿಯ ಎರಡು ತುದಿ ತೋರಿಸಿದ. ನಗುತ್ತಿರು ಎಂದು. ಅವಳ ಮಣಿಕಟ್ಟು ಕೆಂಪಾಗಿತ್ತು. ನಗುತ್ತಿದ್ದಳು.

ಎಂಟಕ್ಕೆ ಅವಳು ತಂತಿಗಳನ್ನು ಸುತ್ತುತ್ತಿದ್ದಾಗ ಅವನು ಬಂದು ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಇವತ್ತು ಹುರುಪು ಬಂತು, ಆದರೆ ಕೈಯಲ್ಲಿ ಹಿಡಿತವಿಲ್ಲ, ಹಾಡು ತಪ್ಪಿತು. ಮುಂದಿನ ವಾರ ಬರುವುದು ಬೇಡ. ನಗದಿದ್ದಾಗ ನಗಲಿಲ್ಲ ಎಂದವನು, ನಕ್ಕಾಗ ಹಾಡು ತಪ್ಪಿತು ಎಂದ. ಎಳೆದವನ ಬಗ್ಗೆ ಒಂದು ಮಾತಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ. ಬೈಯುವಷ್ಟು, ಅದೂ ವ್ಯಾಕರಣ ತಪ್ಪದೆ ಬರುತ್ತದೆ. ನಾನು ಅವನಿಗೆ ಥ್ಯಾಂಕ್ಯೂ ಎಂದೆ. ನಮಗಾಗಿ ಬಾಗಿಲು ತೆರೆದು ಹಿಡಿದದ್ದಕ್ಕೆ.

ಬಸ್ಸು ಸೇತುವೆ ಹತ್ತಿತು. ಅವಳು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು: “ನಗ್ತಾ ಇದ್ದಾಗ ನಂಗೆ ಅವ್ರು ಕಾಣಿಸ್ಲೇ ಇಲ್ಲ ಅಕ್ಕ. ನಾನು ಹೆಂಗ್ ಕಾಣಿಸ್ತಿದೀನಿ ಅನ್ನೋದೇ ಕಾಣಿಸ್ತಿತ್ತು.”

ನಂದೇ ತಪ್ಪು ಎನ್ನಬೇಕಿತ್ತು ನಾನು. “ಇನ್ನೊಂದು ಕ್ಲಬ್ ಸಿಗ್ತದೆ ಬಿಡು,” ಎಂದೆ.

ಮರುದಿನ ಮಧ್ಯಾಹ್ನ ಚಾವಣಿ ಸುಮ್ಮನಿತ್ತು. ಅದರ ಮರುದಿನವೂ. ನೀರುದೋಸೆ ಒಯ್ದಾಗ ಊಟದ ಮೇಜಿನ ಮೇಲೆ ಊಟದ ತಟ್ಟೆಗಳು ಮಾತ್ರ ಇದ್ದವು. ಕಂಬಳಿ ಮಡಚಿ ಸೋಫಾದ ಮೇಲಿತ್ತು. ಚಳಿಗಾಲ ಮುಗಿಯುವ ಮೊದಲೇ ಗಂಡನಿಗೆ ಟೆಕ್ಸಾಸ್‌ನಲ್ಲಿ ಕೆಲಸವಾಗಿ ಹೊರಟುಹೋದರು. ಕನ್ಸೋಲನ್ನು ಮಾರಿದಳೆಂದು ಆಮೇಲೆ ಕೇಳಿದೆ. ಒಂದೆರಡು ಯುಗಾದಿಗೆ ಮೆಸೇಜು ಬಂತು. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು…

ಡೀಜೆಗಳು ಜನರ ಜೊತೆ ಎಷ್ಟು ಬೆರೆಯಬೇಕು ಎಂಬ ಮಾತು ಈಗಲೂ ನಮ್ಮ ಪಾರ್ಟಿಗಳಲ್ಲಿ ಊಟದ ಹೊತ್ತಿಗೆ ಬರುತ್ತದೆ. ಕೂಗುವುದೇ ಕೆಲವರಿಗೆ ಸಹಜ, ಅವರು ಕೂಗಲಿ. ನಾನು ಬೇಡವೆನ್ನುವುದಿಲ್ಲ. ಆದರೆ ಪರ್ಸಿನ ಮೇಲಿನ ಎರಡು ಬೆರಳನ್ನು ಕಂಡವಳಿಗೆ ಬೆರೆಯಲು ಬರುವುದಿಲ್ಲ ಎಂದರಲ್ಲ ಇವರು. ಅವಳೇ ಬದಲಾಗಲಿ ಎಂದು ನಾನೂ ಹೇಳಿದೆನಲ್ಲ.

ಮೊನ್ನೆ ಆ ತುಂಡುಗಳನ್ನು ಹಿಸುಕಿ ಕಿವಿಗಿಟ್ಟುಕೊಂಡೆ. ಚಪ್ಪಟೆಯಾದದ್ದು ಇನ್ನು ಉಬ್ಬುವುದಿಲ್ಲ, ಸಡಿಲವಾಗಿ ಕೂತಿತು. ನನ್ನದೇ ನಾಡಿ ಕೇಳಿಸಿತು. ನನ್ನ ಹಿಮ್ಮಡಿ ಯಾವಾಗ ನೆಲಕ್ಕೆ ಬಡಿಯತೊಡಗಿತೋ ಗೊತ್ತಿಲ್ಲ. ಕೆಳಗೆ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಈಗ ಎರಡನೇ ತರಗತಿ ಅವಳು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ನನ್ನ ಮುಖ ನೋಡಿ, “ಅಮ್ಮಾ, ಆರ್ ಯು ಮ್ಯಾಡ್?” ಎಂದಳು, ಸಿಟ್ಟು ಬಂದಿದೆಯಾ ಎಂದು.

ಬೇರೆ ದಿನವಾಗಿದ್ದರೆ ಆ ಪ್ರಶ್ನೆಗೆ ಮೊದಲು ನಗು ಬರುತ್ತಿತ್ತು. ಅದು ಬಾಯಿಯ ತುದಿಯವರೆಗೆ ಬಂದದ್ದು ನನಗೇ ಗೊತ್ತಾಯಿತು. ತಡೆದೆ.

“ಹೌದು,” ಎಂದೆ. “ನಿನ್ನ ಮೇಲೆ ಅಲ್ಲ.”

ಅವಳು ಇನ್ನೂ ಏನೋ ಕೇಳಿದಳು. ತುಟಿ ಆಡುವುದು ಕಂಡಿತು. ಕಿವಿಯಲ್ಲಿ ಬರೀ ಹಿಮ್ಮಡಿಯ ಸದ್ದಿತ್ತು.